ಹೊಸ ಸದಸ್ಯಪಟ್ಟಿಯ ನಿರ್ಮಾಣ: ಉಪನಗರದ ಕನ್ನಡ ಸಂಘಕ್ಕೊಂದು ಮೊಬೈಲ್ ಆ್ಯಪ್

ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿಯೂ ನವಿ ಮುಂಬಯಿಯ ಐರೋಳಿಯಿಂದ ಬೇಲಾಪುರದವರೆಗಿನ ವಸತಿಗಳಲ್ಲಿಯೂ ನೆಲೆಸಿರುವ ಕನ್ನಡಿಗರ ಸಂಘಜೀವನವನ್ನು ಬಲ್ಲವರು, ಆ ಸಂಘಗಳ ಉಕ್ಕಿನ ಕಪಾಟುಗಳಲ್ಲಿರುವ ಸದಸ್ಯರ ನೋಂದಣಿ ಪುಸ್ತಕಗಳನ್ನೂ ಕಂಡೇ ಇರುತ್ತಾರೆ. ಅಂತಹ ಪುಸ್ತಕದ ಒಂದು ಪುಟವನ್ನು ತೆರೆದರೆ ಒಬ್ಬನೇ ಸದಸ್ಯನ ಹೆಸರಿನ ಮುಂದೆ ಮೂರು ವಿಳಾಸಗಳು ದೊರೆಯುವುದುಂಟು: ಮೊದಲನೆಯದು ಮಾಟುಂಗದಲ್ಲಿಯೋ ಪರೇಲದಲ್ಲಿಯೋ ಇದ್ದ ಚಾಳಿನದು, ಅದನ್ನು ಗೀಟೆಳೆದು ಹೊಡೆದುಹಾಕಿ ಬರೆದ ಎರಡನೆಯದು ಡೊಂಬಿವಲಿ ಪೂರ್ವದ ಹೌಸಿಂಗ್ ಸೊಸೈಟಿಯದು, ಅಂಚಿನಲ್ಲಿ ಸೀಸದ ಕಡ್ಡಿಯಿಂದ ಗುರುತು ಮಾಡಿದ ಮೂರನೆಯದು, ವಾರ್ಧಕ್ಯದಲ್ಲಿ ಮಗನೊಡನೆ ಇರಲು ಹೋದ ಖಾರ್‌ಘರಿನದು. ಒಂದು ಸಾಲಿನಲ್ಲಿ ಒಂದು ಸಂಸಾರದ ವಲಸೆಯ ಚರಿತ್ರೆಯೇ ಅಡಗಿರುತ್ತದೆಯಾದರೂ, ವಾರ್ಷಿಕ ಮಹಾಸಭೆಯ ನೋಟೀಸು ಯಾವ ವಿಳಾಸಕ್ಕೆ ಹೋಗಬೇಕೆಂಬುದನ್ನು ಆ ಸಾಲು ನಿಶ್ಚಯವಾಗಿ ಹೇಳಲಾರದು.

ಮುಂಬಯಿಯಲ್ಲಿ ಮೈಸೂರು ಅಸೋಸಿಯೇಷನ್ 1926ರಲ್ಲಿಯೂ ಕರ್ನಾಟಕ ಸಂಘ 1933ರಲ್ಲಿಯೂ ಜನ್ಮತಾಳಿದ ಕಾಲಕ್ಕೆ ಕನ್ನಡಿಗರ ವಾಸ ಬಹುಮಟ್ಟಿಗೆ ನಗರದೊಳಗೇ ಇದ್ದಿತು. ತರುವಾಯ ಬಾಡಿಗೆಗಳು ಏರಿದಂತೆಲ್ಲ ಜನ ಮಧ್ಯರೈಲ್ವೆಯ ಹಳಿಗುಂಟ ಈಶಾನ್ಯಕ್ಕೆ ಸರಿದರು. 1970ರಲ್ಲಿ ನಗರ ನಿರ್ಮಾಣ ಸಂಸ್ಥೆಯಾದ ಸಿಡ್ಕೋ ಸ್ಥಾಪನೆಯಾಗಿ ಖಾಡಿಯಾಚೆ ಹೊಸ ನಗರವೊಂದು ರೂಪುಗೊಂಡ ಮೇಲೆ ಆ ಕಡೆಗೂ ನಡೆದರು. ಹೋದಲ್ಲೆಲ್ಲ ಸಂಘ ಕಟ್ಟಿದರು, ಶಾಲೆ ನಡೆಸಿದರು. ಡೊಂಬಿವಲಿಯ ಕರ್ನಾಟಕ ಸಂಘವು ನಡೆಸಿಕೊಂಡು ಬಂದಿರುವ ಮಂಜುನಾಥ ವಿದ್ಯಾಸಂಸ್ಥೆಗಳು ಆ ಶ್ರದ್ಧೆಗೆ ಎದುರಿಗೇ ಇರುವ ಸಾಕ್ಷಿ. ಈಗ ಅದೇ ಮನೆಗಳ ಮಕ್ಕಳು ಐರೋಳಿ, ಮಹಾಪೆ, ಘನ್ಸೋಳಿಗಳ ಕಚೇರಿಗಳಲ್ಲಿ ಸಾಫ್ಟ್‌ವೇರ್ ಬರೆಯುವವರಾಗಿದ್ದಾರೆ. ಸಂಘದ ಕಾರ್ಯದರ್ಶಿಗಳು ಅವರನ್ನು ಕರೆದು, ನಮಗೊಂದು ಆ್ಯಪ್ ಮಾಡಿಕೊಡಿ, ಸದಸ್ಯರು ಲಾಗಿನ್ ಆಗಿ ತಮ್ಮ ವಿವರವನ್ನು ತಾವೇ ತಿದ್ದಿಕೊಳ್ಳುವಂತಿರಲಿ ಎಂದು ಕೇಳುವುದು ಸಹಜವಾಗಿದೆ. ಹಾಗೆ ಕೇಳುವವರಿಗೂ ಮಾಡಿಕೊಡುವವರಿಗೂ ಉಪಯೋಗವಾಗಲೆಂದು ಈ ಲೇಖನ. ಇದರಲ್ಲಿ ನಾನು ಪ್ರತಿಪಾದಿಸುವುದು ಒಂದೇ ವಿಷಯ: ಸದಸ್ಯನ ವಿವರವು ಸಂಘದ ಸ್ವತ್ತಲ್ಲ, ಸಂಘದಲ್ಲಿ ಅವನು ನಂಬಿಕೆಯಿಂದ ಇಟ್ಟ ನ್ಯಾಸ, ಆ್ಯಪಿನ ಪ್ರತಿಯೊಂದು ನಿರ್ಣಯವನ್ನೂ ಈ ದೃಷ್ಟಿಯಿಂದಲೇ ಮಾಡತಕ್ಕದ್ದು.

ಕೋಡ್ ಬರೆಯುವುದಕ್ಕೆ ಮೊದಲು ಕಾರ್ಯಕಾರಿ ಸಮಿತಿಯು ಒಂದು ಸಂಜೆ ಕುಳಿತು, ಲಾಗಿನ್ ಇಲ್ಲದೆ ಏನೇನು ಕಾಣಬೇಕು, ಲಾಗಿನ್ ಆದವನಿಗೆ ಮಾತ್ರ ಏನು ಕಾಣಬೇಕು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಒಳಿತು. ರಾಜ್ಯೋತ್ಸವದ ಕಾರ್ಯಕ್ರಮ, ಯಕ್ಷಗಾನದ ಪ್ರಕಟಣೆ, ಸಂಘದ ಸಭಾಗೃಹದ ವಿಳಾಸ, ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನಾಂಕ ಇವನ್ನು ನೋಡಲು ಯಾರೊಬ್ಬನೂ ತನ್ನ ಹೆಸರು ಹೇಳಬೇಕಾದ ಅಗತ್ಯವಿಲ್ಲ. ಊರಿನಿಂದ ಹೊಸದಾಗಿ ಬಂದ ತರುಣನೊಬ್ಬ ಆ್ಯಪನ್ನು ತೆರೆದ ಕ್ಷಣದಲ್ಲಿಯೇ ಮೊಬೈಲ್ ಸಂಖ್ಯೆ ಕೊಡು ಎಂಬ ಪರದೆ ಅಡ್ಡ ನಿಂತರೆ, ಅವನು ಒಳಗೆ ಬರುವ ಮೊದಲೇ ಹಿಂದಿರುಗುತ್ತಾನೆ. ಸದಸ್ಯತ್ವದ ನವೀಕರಣ, ದೇಣಿಗೆಯ ರಸೀದಿ, ಸ್ವಂತ ವಿವರದ ತಿದ್ದುಪಡಿ, ಮಹಾಸಭೆಯ ಲೆಕ್ಕಪತ್ರ ಇಷ್ಟಕ್ಕೆ ಮಾತ್ರ ಪ್ರವೇಶದ್ವಾರವಿದ್ದರೆ ಸಾಕು.

ಸಲಕರಣೆಗಳ ವಿಷಯದಲ್ಲಿ ಬಹಳ ಚರ್ಚೆ ಬೇಡ. ಆಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ ಒಂದೇ ಮೂಲದಿಂದ ಆ್ಯಪ್ ಕಟ್ಟಲು ಗೂಗಲಿನ ಫ್ಲಟರ್ ಅಥವಾ ಫೇಸ್‌ಬುಕ್ ಸಂಸ್ಥೆಯಿಂದ ಬಂದ ರಿಯಾಕ್ಟ್ ನೇಟಿವ್ ಸಾಕು. ಮಾಡುವವರಿಗೆ ಯಾವುದು ಚೆನ್ನಾಗಿ ಬರುತ್ತದೆಯೋ ಅದೇ ಶ್ರೇಷ್ಠವಾದದ್ದು. ಹಿಂಬದಿಯಲ್ಲಿ ಲಾಗಿನ್ ವ್ಯವಸ್ಥೆಯನ್ನು ಸ್ವತಃ ಬರೆಯುವ ಸಾಹಸಕ್ಕೆ ಮಾತ್ರ ಹವ್ಯಾಸಿಗಳು ಕೈಹಾಕಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಫೈರ್‌ಬೇಸ್, ಸುಪಾಬೇಸ್ ಮೊದಲಾದ ಸಿದ್ಧ ಸೇವೆಗಳು ಪಾಸ್‌ವರ್ಡ್, ಒಟಿಪಿ, ಗೂಗಲ್ ಖಾತೆಯ ಮೂಲಕ ಪ್ರವೇಶ ಇವೆಲ್ಲವನ್ನೂ ಪರೀಕ್ಷಿತ ರೂಪದಲ್ಲಿ ಒದಗಿಸುತ್ತವೆ. ದತ್ತಾಂಶವನ್ನು ಇರಿಸುವ ಸ್ಥಳವಾಗಿ ಮುಂಬಯಿ ವಲಯವನ್ನು ಆಯ್ದುಕೊಳ್ಳುವ ಸೌಕರ್ಯವೂ ಇದೆ. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಇಲ್ಲಿ ತಮ್ಮ ಕ್ಲೌಡ್ ವಲಯಗಳನ್ನು ತೆರೆದಿವೆ. ದೂರ ಕಡಿಮೆಯಾದಷ್ಟೂ ಪರದೆ ಬೇಗ ತುಂಬುತ್ತದೆ. ಸದಸ್ಯಪಟ್ಟಿಯ ಡೇಟಾಬೇಸ್ ದೇಶದೊಳಗೇ ಇದೆಯೆಂದು ಮಹಾಸಭೆಯಲ್ಲಿ ಉತ್ತರ ಹೇಳುವುದೂ ಸುಲಭವಾಗುತ್ತದೆ.

ಇನ್ನು ಪ್ರವೇಶದ ಮಾತು. ನಮ್ಮ ಸಂಘಗಳಲ್ಲಿ ಬಹುಪಾಲು ಹಿರಿಯರು ಇಮೇಲ್ ಬಳಸುವವರಲ್ಲ. ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳುವುದು ಅವರಿಗೆ ಕ್ಲೇಶಕರ. ಆದಕಾರಣ ಮೊಬೈಲ್ ಸಂಖ್ಯೆ ಮತ್ತು ಒಟಿಪಿಯೇ ಮುಖ್ಯದ್ವಾರವಾಗುವುದು ಉಚಿತ. ಆದರೆ ಭಾರತದಲ್ಲಿ ಒಟಿಪಿ ಕಳುಹಿಸುವುದಕ್ಕೆ ಪೂರ್ವಸಿದ್ಧತೆ ಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿಯಂತೆ, ಎಸ್‌ಎಂಎಸ್ ಕಳುಹಿಸುವ ಸಂಸ್ಥೆಯು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವೇದಿಕೆಯಲ್ಲಿ ತನ್ನನ್ನೂ, ತನ್ನ ಕಿರುನಾಮವನ್ನೂ, ಕಳುಹಿಸಲಿರುವ ಸಂದೇಶದ ಪಾಠವನ್ನೂ ಮುಂಚಿತವಾಗಿ ನೋಂದಾಯಿಸಿಕೊಳ್ಳಬೇಕು. ನೋಂದಾಯಿಸಿದ ಪಾಠಕ್ಕೆ ಹೊಂದಿಕೊಳ್ಳದ ಸಂದೇಶವು ದಾರಿಯಲ್ಲಿಯೇ ತಡೆಹಿಡಿಯಲ್ಪಡುತ್ತದೆ. ಸಂಘದ ನೋಂದಣಿಪತ್ರ, ಪ್ಯಾನ್ ಕಾರ್ಡ್ ಇವನ್ನು ಸಿದ್ಧವಾಗಿಟ್ಟುಕೊಂಡು ಈ ಕೆಲಸವನ್ನು ಆ್ಯಪಿನ ಮೊದಲ ಪರದೆಯನ್ನು ಬರೆಯುವ ದಿನವೇ ಆರಂಭಿಸಬೇಕು. ಕೊನೆಗೆ ನೋಡಿಕೊಳ್ಳೋಣವೆಂದವರು ಉದ್ಘಾಟನೆಯ ದಿನಾಂಕವನ್ನು ಮುಂದೂಡಬೇಕಾಗುತ್ತದೆ. ಫೈರ್‌ಬೇಸಿನಂತಹ ಸೇವೆಯ ಮೂಲಕ ಕಳುಹಿಸಿದಲ್ಲಿ ಈ ನೋಂದಣಿಯ ಹೊಣೆ ಆ ಸೇವೆಯದೇ ಆಗುತ್ತದಾದರೂ, ಪಾಠವನ್ನು ನಮ್ಮಿಚ್ಛೆಯಂತೆ ಬರೆಯುವ ಸ್ವಾತಂತ್ರ್ಯ ಉಳಿಯುವುದಿಲ್ಲ.

ಸಂದೇಶವನ್ನು ಕನ್ನಡದಲ್ಲಿ ಕಳುಹಿಸುವ ಅಭಿಲಾಷೆಯುಳ್ಳವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ರೋಮನ್ ಲಿಪಿಯ ಎಸ್‌ಎಂಎಸ್ ಒಂದರಲ್ಲಿ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡ ಲಿಪಿಯ ಒಂದೇ ಒಂದು ಅಕ್ಷರ ಸೇರಿದರೂ ಆ ಮಿತಿ 70ಕ್ಕೆ ಇಳಿಯುತ್ತದೆ, ಅದರಲ್ಲಿಯೂ ಒತ್ತಕ್ಷರ, ಕೊಂಬು, ದೀರ್ಘಗಳು ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುತ್ತವೆ. ಮಿತಿ ಮೀರಿದ ಸಂದೇಶವು ಎರಡಾಗಿ ಒಡೆದು ಎರಡರ ಹಣ ತೆರಬೇಕಾಗುತ್ತದೆ. ಆದುದರಿಂದ ವಾಕ್ಯವು ಚಿಕ್ಕದಾಗಿರಲಿ. ಆರು ಅಂಕಿಗಳೂ, ಯಾರಿಗೂ ತಿಳಿಸಬೇಡಿ ಎಂಬ ಎಚ್ಚರಿಕೆಯೂ, ಸಂಘದ ಹೆಸರೂ ಇದ್ದರೆ ಬೇರೇನೂ ಬೇಡ.

ಆರಂಕಿಯ ಸಂಕೇತಕ್ಕೆ ಹತ್ತು ಲಕ್ಷ ರೂಪಗಳು ಸಾಧ್ಯ. ಮನುಷ್ಯನಿಗೆ ಅದು ದೊಡ್ಡ ಸಂಖ್ಯೆ, ಯಂತ್ರಕ್ಕಲ್ಲ. ಆದಕಾರಣ ಒಂದು ಸಂಕೇತಕ್ಕೆ ಐದು ತಪ್ಪು ಪ್ರಯತ್ನಗಳಿಗಿಂತ ಹೆಚ್ಚು ಅವಕಾಶ ಕೊಡಬಾರದು. ಐದು ಹತ್ತು ನಿಮಿಷಗಳಲ್ಲಿ ಅದರ ಆಯುಷ್ಯ ಮುಗಿಯಬೇಕು. ಮತ್ತೆ ಕಳುಹಿಸು ಎಂಬ ಗುಂಡಿ ಒಮ್ಮೆ ಒತ್ತಿದ ಮೇಲೆ ಅರ್ಧ ನಿಮಿಷವಾದರೂ ನಿಷ್ಕ್ರಿಯವಾಗಿರಬೇಕು. ಒಂದೇ ಸಂಖ್ಯೆಗೆ, ಒಂದೇ ಮೂಲದಿಂದ ದಿನಕ್ಕೆ ಇಷ್ಟೇ ಎಂಬ ಮಿತಿಯೂ ಬೇಕು. ಇದು ಸುರಕ್ಷತೆಗಾಗಿ ಮಾತ್ರವಲ್ಲ: ಯಂತ್ರದಿಂದ ಸಾವಿರಾರು ಒಟಿಪಿಗಳನ್ನು ಬೇಡಿ ಎಸ್‌ಎಂಎಸ್ ಖಾತೆಯ ಹಣವನ್ನು ಬರಿದು ಮಾಡುವ ದುಷ್ಟರಿದ್ದಾರೆ, ಸಂಘದ ಖಜಾಂಚಿಗೆ ಆ ಬಿಲ್ಲಿನ ಆಘಾತ ತಟ್ಟಬಾರದು. ಬಂದ ಸಂಕೇತವನ್ನು ಆಂಡ್ರಾಯ್ಡ್ ಫೋನಿನಲ್ಲಿ ತಾನಾಗಿ ತುಂಬಿಸಿಕೊಳ್ಳಲು ಗೂಗಲಿನ ಎಸ್‌ಎಂಎಸ್ ರಿಟ್ರೀವರ್ ಎಂಬ ಸೌಲಭ್ಯವಿದೆ. ಅದನ್ನು ಬಳಸಿದರೆ ಸದಸ್ಯನ ಎಲ್ಲ ಸಂದೇಶಗಳನ್ನೂ ಓದುವ ಅನುಮತಿಯನ್ನು ಆ್ಯಪ್ ಕೇಳಬೇಕಾಗಿಲ್ಲ, ಕೇಳಲೂಬಾರದು.

ಆದರೆ ಮೊಬೈಲ್ ಸಂಖ್ಯೆಯು ಮನುಷ್ಯನಲ್ಲ ಎಂಬುದನ್ನು ವಿನ್ಯಾಸಕಾರನು ಎಂದೂ ಮರೆಯಬಾರದು. ನಮ್ಮ ದೇಶದಲ್ಲಿ ರದ್ದಾದ ಸಂಖ್ಯೆಯನ್ನು 90 ದಿನಗಳ ತರುವಾಯ ಬೇರೊಬ್ಬನಿಗೆ ಕೊಡಬಹುದಾಗಿದೆ. ಉಡುಪಿಗೆ ಹಿಂದಿರುಗಿ ಮುಂಬಯಿಯ ಸಂಖ್ಯೆಯನ್ನು ಬಿಟ್ಟುಕೊಟ್ಟ ಹಿರಿಯರ ಸಂಖ್ಯೆ ಭಿವಂಡಿಯ ಯಾರೋ ಅಪರಿಚಿತನ ಕೈಸೇರಿ, ಆತ ಆ್ಯಪ್ ತೆರೆದರೆ, ಆ ಹಿರಿಯರ ವಿಳಾಸ, ದೇಣಿಗೆ, ಕುಟುಂಬ ಎಲ್ಲವೂ ಅವನ ಕಣ್ಣಮುಂದೆ ಬಿಚ್ಚಿಕೊಳ್ಳುತ್ತವೆ. ಇದಕ್ಕೆ ಪರಿಹಾರ ಸರಳವಾಗಿದೆ: ಡೇಟಾಬೇಸಿನಲ್ಲಿ ಸದಸ್ಯನನ್ನು ಗುರುತಿಸುವ ಕ್ರಮಾಂಕವು ಸಂಖ್ಯೆಯಿಂದ ಸ್ವತಂತ್ರವಾಗಿರಬೇಕು; ಹೊಸ ಫೋನಿನಲ್ಲಿ ಮೊದಲ ಸಲ ಪ್ರವೇಶಿಸುವವನು ಒಟಿಪಿಯ ಜೊತೆಗೆ ಸದಸ್ಯತ್ವದ ಸಂಖ್ಯೆಯನ್ನೋ ತಾನು ಮುಂಚೆ ಇಟ್ಟುಕೊಂಡ ಪಿನ್ನನ್ನೋ ಹೇಳಬೇಕು; ಒಂದು ವರ್ಷಕಾಲ ತೆರೆಯದ ಖಾತೆಯನ್ನು ಸಂಘದ ಕಚೇರಿಯವರು ಮಾತನಾಡಿ ಖಚಿತಪಡಿಸಿಕೊಂಡ ಮೇಲೆಯೇ ಮತ್ತೆ ಜೀವಂತಗೊಳಿಸಬೇಕು. ಗಂಡಹೆಂಡಿರು, ಅತ್ತೆಸೊಸೆಯರು ಒಂದೇ ಫೋನನ್ನು ಬಳಸುವ ಮನೆಗಳೂ ಇವೆಯಾದ್ದರಿಂದ, ಒಂದು ಸಂಖ್ಯೆಯಿಂದ ಪ್ರವೇಶಿಸಿದವರಿಗೆ ಯಾರ ವಿವರವನ್ನು ತೆರೆಯಬೇಕು ಎಂದು ಕೇಳುವ ಪರದೆಯನ್ನೂ ಇಡಬೇಕಾಗುತ್ತದೆ. ಅಲ್ಲಿಯೂ ಪ್ರತಿಯೊಬ್ಬರಿಗೂ ತಮ್ಮದೇ ಪಿನ್ ಇರತಕ್ಕದ್ದು.

ಪಾಸ್‌ವರ್ಡ್ ಬೇಕೆನ್ನುವ ತರುಣರಿಗಾಗಿ ಅದನ್ನೂ ಇಡಬಹುದು. ಅದನ್ನು ಇದ್ದಂತೆಯೇ ಬರೆದಿಡುವುದು ಅಕ್ಷಮ್ಯವಾದ ಅಪರಾಧ. ಪಾಸ್‌ವರ್ಡಿಗೆ ಪ್ರತಿ ಸದಸ್ಯನಿಗೂ ಬೇರೆಯಾದ ಒಂದು ಯಾದೃಚ್ಛಿಕ ತುಣುಕನ್ನು ಬೆರೆಸಿ, ಬಿಕ್ರಿಪ್ಟ್ ಅಥವಾ ಆರ್ಗಾನ್2 ಎಂಬ ಗಣಿತವಿಧಾನದಿಂದ ರೂಪಾಂತರಿಸಿ, ಆ ರೂಪವನ್ನು ಮಾತ್ರ ಇಟ್ಟುಕೊಳ್ಳಬೇಕು. ಹಿಟ್ಟಾದದ್ದು ಮರಳಿ ಅಕ್ಕಿಯಾಗದಂತೆ ಅದರಿಂದ ಮೂಲವನ್ನು ಪಡೆಯಲಾಗದು. 1999ರಲ್ಲಿ ಬಂದ ಬಿಕ್ರಿಪ್ಟ್ ಇಂದಿಗೂ ವಿಶ್ವಸನೀಯವಾದರೂ ಅದು ಮೊದಲ 72 ಬೈಟುಗಳನ್ನು ಮಾತ್ರ ಗಣಿಸುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಾಕ್ಷರವೂ ಮೂರು ಬೈಟುಗಳನ್ನು ತೆಗೆದುಕೊಳ್ಳುವುದರಿಂದ, ಮೆಚ್ಚಿನ ಕನ್ನಡ ವಾಕ್ಯವೊಂದನ್ನು ಪಾಸ್‌ವರ್ಡಾಗಿ ಇಟ್ಟವನ 24 ಸಂಕೇತಗಳ ನಂತರದ ಭಾಗವೆಲ್ಲ ಲೆಕ್ಕಕ್ಕಿಲ್ಲದಂತಾಗುತ್ತದೆ. ಕನ್ನಡಿಗರಿಗಾಗಿ ಕಟ್ಟುವ ಆ್ಯಪಿನಲ್ಲಿ 2015ರ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಆಯ್ಕೆಯಾದ ಆರ್ಗಾನ್2 ವಿಧಾನವೇ ಮೇಲೆನ್ನಲು ಇದೊಂದು ವಿಶೇಷ ಕಾರಣ. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಎಂದು ಪೀಡಿಸುವ ರೂಢಿಯನ್ನು ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ ಕೈಬಿಡಬೇಕೆಂದು ಹೇಳಿ ವರ್ಷಗಳಾದವು, ನಾವೂ ಬಿಡೋಣ.

ಒಮ್ಮೆ ಪ್ರವೇಶಿಸಿದ ಸದಸ್ಯನಿಗೆ ಸರ್ವರ್ ಎರಡು ಟೋಕನ್ನುಗಳನ್ನು ಕೊಡುತ್ತದೆ: ಒಂದು ಅಲ್ಪಾಯುಷಿ, ಪ್ರತಿ ಕೋರಿಕೆಯೊಡನೆ ಹೋಗತಕ್ಕದ್ದು, ಇನ್ನೊಂದು ದೀರ್ಘಾಯುಷಿ, ಮೊದಲನೆಯದನ್ನು ನವೀಕರಿಸಲು ಮಾತ್ರ ಬಳಸತಕ್ಕದ್ದು. ಫೈರ್‌ಬೇಸಿನಲ್ಲಿ ಮೊದಲನೆಯದರ ಆಯುಷ್ಯ ಒಂದು ಗಂಟೆ. ಇವನ್ನು ಆಂಡ್ರಾಯ್ಡಿನ ಕೀಸ್ಟೋರ್, ಐಫೋನಿನ ಕೀಚೈನ್ ಇವುಗಳ ರಕ್ಷಣೆಯಲ್ಲಿ ಇರಿಸಬೇಕಲ್ಲದೆ ಸಾಧಾರಣ ಕಡತದಲ್ಲಿ ಎಸೆದಿಡಬಾರದು. ನನ್ನ ಎಲ್ಲ ಫೋನುಗಳಿಂದ ನಿರ್ಗಮಿಸು ಎಂಬ ಗುಂಡಿಯೊಂದು ಪ್ರೊಫೈಲ್ ಪರದೆಯಲ್ಲಿ ಇರಲೇಬೇಕು. ಸಂಜೆಯ ಕಲ್ಯಾಣ ಲೋಕಲ್ಲಿನಲ್ಲಿ ಫೋನ್ ಕಳೆದುಕೊಂಡವನು ಮನೆಯ ಬೇರೊಂದು ಫೋನಿನಿಂದ ಆ ಗುಂಡಿಯನ್ನು ಒತ್ತಿ ನಿಶ್ಚಿಂತನಾಗುವಂತಿರಬೇಕು.

ಪ್ರೊಫೈಲಿನಲ್ಲಿ ಅತ್ಯಂತ ವಿಚಾರಪೂರ್ವಕವಾಗಿ ರೂಪಿಸಬೇಕಾದದ್ದು ಹೆಸರಿನ ಸ್ಥಳ. ಮಹಾರಾಷ್ಟ್ರದ ಬಹಳಷ್ಟು ನಮೂನೆಗಳು ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಆಡನಾವು ಅಂದರೆ ಕುಲನಾಮ ಎಂಬ ಮೂರು ಮನೆಗಳನ್ನು ಕಲ್ಪಿಸಿರುತ್ತವೆ, ಹಲವೆಡೆ ಮೂರೂ ಕಡ್ಡಾಯ. ಧಾರವಾಡ, ವಿಜಯಪುರಗಳ ಕಡೆಯವರಿಗೆ ಈ ಮೂರು ಮನೆಗಳು ಹೊಂದಿಕೊಳ್ಳುವುದುಂಟು. ಹಳೆಯ ಮೈಸೂರಿನವರಿಗೆ ಊರು ಮತ್ತು ತಂದೆಯ ಹೆಸರುಗಳು ಎರಡು ಮೊದಲಕ್ಷರಗಳಾಗಿ ಮುಂದೆ ನಿಲ್ಲುತ್ತವೆ, ಹಿಂದೆ ಏನೂ ಇರುವುದಿಲ್ಲ. ಕರಾವಳಿಯವರಿಗೆ ಶೆಟ್ಟಿ, ಪೂಜಾರಿ, ರಾವ್, ಭಟ್ ಎಂಬುವು ಹಿಂದೆಯೂ ಮನೆತನದ ಅಥವಾ ಊರಿನ ಅಕ್ಷರಗಳು ಮುಂದೆಯೂ ಬರುತ್ತವೆ. ಮೂರು ಮನೆಗಳನ್ನೂ ತುಂಬಲೇಬೇಕೆಂದು ಒತ್ತಾಯಿಸಿದ ನಮೂನೆಗಳ ಫಲವಾಗಿ, ತಂದೆಯ ಹೆಸರೇ ಆಡನಾವಾಗಿ ಮಕ್ಕಳ ಶಾಲಾ ದಾಖಲೆಗಳಲ್ಲಿ ಶಾಶ್ವತವಾಗಿ ಉಳಿದುಹೋದ ಸಂಸಾರಗಳು ಈ ಉಪನಗರಗಳಲ್ಲಿ ಇವೆ. ಕನ್ನಡ ಸಂಘದ ಆ್ಯಪಾದರೂ ಆ ಬಲಾತ್ಕಾರವನ್ನು ಮುಂದುವರಿಸಬಾರದು. ಪೂರ್ಣ ಹೆಸರು ಎಂಬ ಒಂದೇ ಮನೆ, ಅದನ್ನು ಸದಸ್ಯನು ಬಯಸಿದಂತೆ ಬರೆಯುವ ಸ್ವಾತಂತ್ರ್ಯ. ಅದರ ಕೆಳಗೆ ಅದೇ ಹೆಸರು ರೋಮನ್ ಲಿಪಿಯಲ್ಲಿ, ರಸೀದಿಗಾಗಿ. ಕರೆಯುವ ಹೆಸರು ಬೇಕೆನ್ನುವವರಿಗೆ ಐಚ್ಛಿಕವಾಗಿ ಇನ್ನೊಂದು. ಇಷ್ಟೇ ಸಾಕು. ಹೆಂಗಸರಿಗೆ ಗಂಡನ ಹೆಸರಿನ ಮನೆಯನ್ನು ಕಡ್ಡಾಯವಾಗಿ ಇಡುವುದಂತೂ ಸರ್ವಥಾ ಸಲ್ಲದು.

ಕನ್ನಡದಲ್ಲಿ ಬರೆದ ಹೆಸರನ್ನು ಹುಡುಕುವಾಗ ಒಂದು ವಿಚಿತ್ರ ತೊಡಕು ಎದುರಾಗುತ್ತದೆ. ಡೊಂಬಿವಲಿ ಎಂಬ ಶಬ್ದದ ಮೊದಲಕ್ಷರವನ್ನೇ ನೋಡಿರಿ. ಅದರ ಒತ್ವವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವದ ಚಿಹ್ನೆ ಮತ್ತು ದೀರ್ಘವಾದ ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳನ್ನು ಒಂದರ ಪಕ್ಕ ಒಂದಿಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯಂತ್ರದ ಪಾಲಿಗೆ ಎರಡು ಬೇರೆ ಬೇರೆ ಶಬ್ದಗಳು. ಕೀಲಿಮಣೆಯಿಂದ ಕೀಲಿಮಣೆಗೆ ಈ ಪದ್ಧತಿ ಬದಲಾಗುವ ಸಂಭವವಿರುವುದರಿಂದ, ಡೊಂಬಿವಲಿಯ ಸದಸ್ಯರೆಲ್ಲರನ್ನೂ ತೋರಿಸು ಎಂದಾಗ ಕೆಲವರು ಪಟ್ಟಿಯಿಂದ ಕಾಣೆಯಾಗಬಹುದು. ಯುನಿಕೋಡ್ ಮಾನಕದಲ್ಲಿಯೇ ಇರುವ ಎನ್‌ಎಫ್‌ಸಿ ಎಂಬ ಏಕರೂಪೀಕರಣವನ್ನು, ಬರೆದದ್ದನ್ನು ಉಳಿಸುವಾಗಲೂ ಹುಡುಕುವಾಗಲೂ ಪ್ರಯೋಗಿಸಿದರೆ ಈ ದೋಷ ನಿವಾರಣೆಯಾಗುತ್ತದೆ. ಒಂದೇ ಸಾಲಿನ ಕೋಡ್, ಆದರೆ ಬಹುಮಂದಿ ಮರೆಯುವ ಸಾಲು. ಅರ್ಕಾವತ್ತು ಬೇಡದ ಕಡೆ ಬರೆಯುವ ಅದೃಶ್ಯ ಸಂಯೋಜಕ ಚಿಹ್ನೆಗಳನ್ನು ಹುಡುಕಾಟದ ವೇಳೆ ತೆಗೆದುಬಿಡಬೇಕು. ಉಳಿಸಿದ ಹೆಸರಿನಲ್ಲಿ ಮಾತ್ರ ಇರಗೊಡಬೇಕು, ಏಕೆಂದರೆ ಅದು ಸದಸ್ಯನ ಬರವಣಿಗೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಅಳೆದ ಗುಂಡಿಗಳಲ್ಲಿ ಅವುಗಳ ಪಾದಗಳು ಕತ್ತರಿಸಿಹೋಗುತ್ತವೆ. ಸಾಲಿನ ಎತ್ತರವನ್ನು ಧಾರಾಳವಾಗಿ ಕೊಟ್ಟು, ಫೋನಿನ ಅಕ್ಷರಗಾತ್ರವನ್ನು ಅತಿ ದೊಡ್ಡದಾಗಿ ಇಟ್ಟುಕೊಂಡ ಹಿರಿಯರ ಫೋನಿನಲ್ಲಿಯೇ ಪರೀಕ್ಷಿಸುವುದು ಯುಕ್ತ.

ಹೆಸರು, ಸಂಖ್ಯೆ, ವಿಳಾಸಗಳ ಹೊರತು ಇನ್ನೇನನ್ನು ಕೇಳಬೇಕು? ಕೇಳುವ ಪ್ರತಿಯೊಂದು ವಿವರಕ್ಕೂ ಒಂದು ಪ್ರಯೋಜನವನ್ನು ಎದುರಿಗೆ ಬರೆಯಲಾಗದಿದ್ದರೆ ಆ ಮನೆಯನ್ನು ಹೊಡೆದುಹಾಕಬೇಕು. ಹಿರಿಯ ನಾಗರಿಕರ ಸನ್ಮಾನಕ್ಕೆ ಜನ್ಮವರ್ಷ ಸಾಕು, ಪೂರ್ಣ ದಿನಾಂಕ ಬೇಡ. ರಕ್ತದಾನ ಶಿಬಿರ ನಡೆಸುವ ಸಂಘವು ರಕ್ತದ ಗುಂಪನ್ನು ಐಚ್ಛಿಕವಾಗಿ ಕೇಳಬಹುದು. ಆಧಾರ್ ಸಂಖ್ಯೆಯನ್ನು ಕೇಳುವ ಕಾರಣ ಯಾವುದೂ ಇಲ್ಲ. ಖಾಸಗಿ ಸಂಸ್ಥೆಗಳು ಕರಾರಿನ ಬಲದಿಂದ ಅದನ್ನು ಕೇಳಲು ಅವಕಾಶ ಕೊಟ್ಟಿದ್ದ ವಿಧಿಯ ಭಾಗವನ್ನು ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರಿನಲ್ಲಿಯೇ ತಳ್ಳಿಹಾಕಿದೆ. ಜಾತಿಯನ್ನು ಕೇಳುವ ಮನೆಯನ್ನು, ಹಳೆಯ ಅರ್ಜಿಯಲ್ಲಿ ಇದ್ದಿತೆಂಬ ಮಾತ್ರಕ್ಕೆ, ಹೊಸ ಆ್ಯಪಿಗೆ ತರುವುದು ಭಾಷೆಯ ಹೆಸರಿನಲ್ಲಿ ಒಂದಾದ ಸಂಘಕ್ಕೆ ಶೋಭಿಸುವುದಿಲ್ಲ. ಭಾವಚಿತ್ರವನ್ನು ಹಾಕುವ ಅವಕಾಶವಿದ್ದರೆ, ಅದನ್ನು ಕಳುಹಿಸುವ ಮುನ್ನ ಫೋನಿನಲ್ಲಿಯೇ ಕಿರಿದುಗೊಳಿಸಿ, ಚಿತ್ರದೊಳಗೆ ಅಡಗಿರುವ ಸ್ಥಳಸೂಚಕ ಅಕ್ಷಾಂಶ ರೇಖಾಂಶಗಳನ್ನು ತೆಗೆದುಹಾಕಬೇಕು. ಇಲ್ಲವಾದರೆ ಮನೆಯ ಜಗುಲಿಯಲ್ಲಿ ತೆಗೆದ ಚಿತ್ರವೇ ಮನೆಯ ದಾರಿಯನ್ನು ತೋರಿಸಿಕೊಡುತ್ತದೆ.

ಯಾರ ವಿವರವನ್ನು ಯಾರು ನೋಡಬಹುದು ಎಂಬುದು ಇದರ ಮುಂದಿನ ಪ್ರಶ್ನೆ, ಮತ್ತು ಬಹುಪಾಲು ಆ್ಯಪುಗಳು ಎಡವುವುದು ಇಲ್ಲಿಯೇ. ಪರದೆಯ ಮೇಲೆ ಗುಂಡಿಯನ್ನು ಮರೆಮಾಡಿದ ಮಾತ್ರಕ್ಕೆ ಬಾಗಿಲು ಮುಚ್ಚಿದಂತಾಗುವುದಿಲ್ಲ. 412ನೆಯ ಸದಸ್ಯನು ತನ್ನ ವಿವರವನ್ನು ಕೇಳುವಾಗ ಆ್ಯಪ್ ಸರ್ವರಿಗೆ 412 ಎಂಬ ಅಂಕಿಯನ್ನು ಕಳುಹಿಸುತ್ತದೆಂದು ಇಟ್ಟುಕೊಳ್ಳೋಣ. ಕುತೂಹಲಿಯೊಬ್ಬ ಅದನ್ನು 413 ಎಂದು ತಿದ್ದಿ ಕಳುಹಿಸಿದರೆ ನೆರೆಯವನ ವಿವರ ಬರುವುದೋ? ಬರುವುದಾದರೆ ಇಡೀ ಪಟ್ಟಿಯನ್ನು ಒಂದು ಗಂಟೆಯಲ್ಲಿ ಬರೆದುಕೊಂಡು ಹೋಗಬಹುದು. ಕೇಳಿದವನು ಯಾರು ಎಂಬುದನ್ನು ಸರ್ವರ್ ಟೋಕನ್ನಿನಿಂದಲೇ ತಿಳಿದುಕೊಳ್ಳಬೇಕು, ಕೋರಿಕೆಯೊಳಗಿನ ಅಂಕಿಯನ್ನು ನಂಬಬಾರದು. ಸುಪಾಬೇಸಿನಲ್ಲಿ ಸಾಲುಮಟ್ಟದ ಭದ್ರತಾ ನಿಯಮಗಳೂ, ಫೈರ್‌ಬೇಸಿನಲ್ಲಿ ಭದ್ರತಾ ನಿಯಮಗಳ ಕಡತವೂ ಇದಕ್ಕಾಗಿಯೇ ಇವೆ. ಆ್ಯಪ್ ಬಿಡುಗಡೆಯಾಗುವ ಮೊದಲು, ಅದನ್ನು ಬರೆಯದ ಇನ್ನೊಬ್ಬ ಇಂಜಿನಿಯರನ್ನು ಕೂರಿಸಿ ಈ 413ರ ಪರೀಕ್ಷೆಯನ್ನು ಮಾಡಿಸತಕ್ಕದ್ದು. ಸಮಿತಿಯ ಪದಾಧಿಕಾರಿಗಳಿಗೂ ಎಲ್ಲವೂ ಕಾಣಬೇಕೆಂಬುದಿಲ್ಲ: ಖಜಾಂಚಿಗೆ ವಂತಿಗೆಯ ಲೆಕ್ಕ, ಕಾರ್ಯದರ್ಶಿಗೆ ವಿಳಾಸ, ಸಾಂಸ್ಕೃತಿಕ ಸಮಿತಿಗೆ ಹೆಸರು ಮಾತ್ರ. ಅಧಿಕಾರಾವಧಿ ಮುಗಿದ ದಿನವೇ ಅಧಿಕಾರವೂ ಕಳಚಿಬೀಳುವಂತೆ ಅಂತ್ಯದಿನಾಂಕವನ್ನು ಮೊದಲೇ ನಮೂದಿಸಿಡುವುದು ಉತ್ತಮ.

ಈ ಎಚ್ಚರಗಳಿಗೆ ಈಗ ಕಾನೂನಿನ ಬೆಂಬಲವೂ ಒದಗಿದೆ. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಯಾವ ವಿವರವನ್ನು ಯಾವ ಉದ್ದೇಶಕ್ಕೆ ಪಡೆಯುತ್ತೇವೆಂಬ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಒಂದರಲ್ಲಾಗಲಿ ಓದುವ ಆಯ್ಕೆಯನ್ನು ಜನರಿಗೆ ಕೊಡಬೇಕೆಂದು ಆ ಕಾಯಿದೆ ವಿಧಿಸುತ್ತದೆ. ಮಹಾರಾಷ್ಟ್ರದ ನೆಲದಲ್ಲಿಯೂ ಕನ್ನಡದಲ್ಲಿ ಓದಿ ಸಮ್ಮತಿಸುವ ಹಕ್ಕು ಕನ್ನಡಿಗನಿಗೆ ಇದರಿಂದ ಲಭಿಸಿದಂತಾಯಿತು; ಸಂಘದವರು ಆ ಸೂಚನೆಯನ್ನು ವಕೀಲರ ಇಂಗ್ಲಿಷಿನಿಂದ ಹಿಂಡಿ ತೆಗೆಯದೆ, ಸದಸ್ಯರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದರೆ ಕಾನೂನಿನ ಆಶಯ ಈಡೇರುತ್ತದೆ. 18 ವರ್ಷ ತುಂಬದವರ ವಿವರವನ್ನು ಪಡೆಯಲು ತಂದೆತಾಯಿಗಳ ಪರಿಶೀಲಿಸಬಹುದಾದ ಸಮ್ಮತಿ ಬೇಕು. ಆದ್ದರಿಂದ ವಿದ್ಯಾರ್ಥಿವೇತನದ ಅರ್ಜಿಯನ್ನೂ ಮಕ್ಕಳ ನೃತ್ಯಸ್ಪರ್ಧೆಯ ನೋಂದಣಿಯನ್ನೂ ಪೋಷಕರ ಖಾತೆಯ ಒಳಗೇ ಇಡುವುದು ಕ್ಷೇಮ. ಸುರಕ್ಷತೆಯಲ್ಲಿ ಲೋಪವೆಸಗಿದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡದ ವಿಧಿಯಿದೆ.

ಖಾತೆಯನ್ನು ಅಳಿಸುವ ಹಕ್ಕೂ ಸದಸ್ಯನಿಗಿದೆ. ಆ್ಯಪಲ್ ಕಂಪನಿಯು 2022ರ ಜೂನ್ 30ರಿಂದ, ಖಾತೆ ತೆರೆಯಲು ಬಿಡುವ ಪ್ರತಿ ಆ್ಯಪಿನೊಳಗೂ ಖಾತೆ ಅಳಿಸುವ ದಾರಿಯನ್ನು ಕಡ್ಡಾಯ ಮಾಡಿದೆ. ಗೂಗಲ್ ಆ್ಯಪಿನ ಒಳಗೂ ಹೊರಗೆ ಒಂದು ಜಾಲಕೊಂಡಿಯಲ್ಲಿಯೂ ಆ ಸೌಲಭ್ಯವನ್ನು ಕೇಳುತ್ತದೆ. ಸಂಘವು ಲೆಕ್ಕಪರಿಶೋಧನೆಗಾಗಿ ಇಡಲೇಬೇಕಾದ ರಸೀದಿಗಳನ್ನು ಪ್ರತ್ಯೇಕವಾಗಿ ಉಳಿಸಿ, ಮಿಕ್ಕ ವಿವರವನ್ನೆಲ್ಲ ತೊಡೆದುಹಾಕುವ ಕ್ರಮವನ್ನು ಆರಂಭದಲ್ಲಿಯೇ ಬರೆದಿಟ್ಟಿರಬೇಕು.

ಪರೀಕ್ಷೆಯ ಕಾಲದಲ್ಲಿ ಕಚೇರಿಯ ವೈಫೈಯನ್ನು ನಂಬಿ ತೃಪ್ತರಾಗುವುದು ಯೋಗ್ಯವಲ್ಲ. ಈ ಆ್ಯಪನ್ನು ಬಳಸುವವರು ಬಳಸುವುದು ರೈಲಿನಲ್ಲಿ. ಊರಿಗೆ ಹೊರಟ ಸದಸ್ಯನು ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಲ್ಲಿ ಕುಳಿತು, ಥಾಣೆ ಬಿಟ್ಟ ಮೇಲೆ ವಿರಾಮವಾಗಿ ತನ್ನ ವಿಳಾಸವನ್ನು ತಿದ್ದತೊಡಗಿದನೆಂದು ಭಾವಿಸಿರಿ. ಅಷ್ಟರಲ್ಲಿ 1916ರಲ್ಲಿ ತೆರೆದ, ಒಂದು ಕಿಲೋಮೀಟರಿಗೂ ಮಿಕ್ಕಿ ಉದ್ದವಾದ ಪಾರಸಿಕ್ ಸುರಂಗ ಬರುತ್ತದೆ. ಮುಂದೆ ಕೊಂಕಣ ರೈಲ್ವೆಯಲ್ಲಿ ರತ್ನಾಗಿರಿಯ ಸಮೀಪ ಆರೂವರೆ ಕಿಲೋಮೀಟರಿನ ಕರ್ಬುಡೆ ಸುರಂಗವಿದೆ. ಸಂಪರ್ಕ ಕಡಿದ ಕ್ಷಣದಲ್ಲಿ ಬರೆದದ್ದೆಲ್ಲ ಅಳಿಸಿಹೋಗಿ, ಮತ್ತೆ ಲಾಗಿನ್ ಆಗಿ ಎಂಬ ಪರದೆ ಬಂದರೆ ಅವನು ಎರಡನೆಯ ಬಾರಿ ಬರೆಯುವುದಿಲ್ಲ. ಬರೆದದ್ದು ಫೋನಿನಲ್ಲಿ ಕರಡಾಗಿ ಉಳಿದು, ಸಂಪರ್ಕ ಮರಳಿದಾಗ ತಾನಾಗಿ ಸರ್ವರನ್ನು ಸೇರಬೇಕು. ಅದೇ ಕೋರಿಕೆ ಎರಡು ಸಲ ಸೇರಿದರೂ ಎರಡು ನಮೂದುಗಳು ಆಗದಂತೆ ಪ್ರತಿ ಕೋರಿಕೆಗೂ ವಿಶಿಷ್ಟ ಕ್ರಮಾಂಕವಿರಬೇಕು. ಗಂಡ ರೈಲಿನಲ್ಲಿ, ಹೆಂಡತಿ ಮನೆಯಲ್ಲಿ ಒಂದೇ ಕುಟುಂಬದ ವಿಳಾಸವನ್ನು ತಿದ್ದಿದಲ್ಲಿ, ಹಳೆಯ ಪ್ರತಿಯ ಮೇಲೆ ಮಾಡಿದ ತಿದ್ದುಪಡಿಯನ್ನು ಸರ್ವರ್ ಮೌನವಾಗಿ ಹೇರದೆ, ಎರಡನ್ನೂ ತೋರಿಸಿ ಯಾವುದು ಸರಿ ಎಂದು ಕೇಳಬೇಕು.

ಪ್ರಕಟಣೆಯ ಕ್ರಮ ದೀರ್ಘವಾದದ್ದಲ್ಲ. ಗೂಗಲಿಗೆ ಒಮ್ಮೆ 25 ಡಾಲರು, ಆ್ಯಪಲಿಗೆ ಪ್ರತಿ ವರ್ಷ 99 ಡಾಲರು. ಗೂಗಲಿನಲ್ಲಿ ಹೊಸದಾಗಿ ತೆರೆದ ವೈಯಕ್ತಿಕ ಖಾತೆಯಾದರೆ 12 ಮಂದಿ ಪರೀಕ್ಷಕರು 14 ದಿನ ಸತತವಾಗಿ ಆ್ಯಪನ್ನು ಇಟ್ಟುಕೊಂಡಿರಬೇಕು. ಸಂಘದ ಹೆಸರಿನ ಸಂಸ್ಥಾ ಖಾತೆಗೆ, ಸಂಸ್ಥೆಗಳನ್ನು ಗುರುತಿಸುವ ಡನ್ಸ್ ಸಂಖ್ಯೆ ಬೇಕಾಗುತ್ತದೆ. ತೊಂದರೆಯೆನಿಸಿದರೂ ಸಂಘದ ಹೆಸರಿನಲ್ಲಿಯೇ ತೆರೆಯಿರಿ. ಉತ್ಸಾಹಿ ತರುಣನ ಸ್ವಂತ ಖಾತೆಯಲ್ಲಿ ಪ್ರಕಟವಾದ ಆ್ಯಪು, ಅವನು ಪುಣೆಗೋ ಅಮೆರಿಕಕ್ಕೋ ಹೋದ ದಿನ ಅನಾಥವಾಗುತ್ತದೆ. ಸರ್ವರಿನ ಖಾತೆ, ಆ್ಯಪಿಗೆ ಸಹಿಹಾಕುವ ಕೀಲಿ, ಡೊಮೇನಿನ ಹೆಸರು ಇವೆಲ್ಲ ಸಂಘದ ಇಮೇಲಿನಲ್ಲಿದ್ದು, ಇಬ್ಬರು ಪದಾಧಿಕಾರಿಗಳ ವಶದಲ್ಲಿರಬೇಕು. ಪರಿಶೀಲನೆ ಮಾಡುವ ಆ್ಯಪಲಿನವರಿಗೆ ನಮ್ಮ ಒಟಿಪಿ ತಲುಪದಾದ್ದರಿಂದ, ಅವರಿಗಾಗಿ ಸ್ಥಿರ ಸಂಕೇತವುಳ್ಳ ಒಂದು ಪರೀಕ್ಷಾ ಖಾತೆಯನ್ನು, ಕಲ್ಪಿತ ವಿವರಗಳೊಡನೆ, ಕೊಟ್ಟಿರಬೇಕು.

ಮೊದಲ ನೋಂದಣಿಯನ್ನು ಒಂದು ಹಬ್ಬದ ದಿನ, ಸಭಾಗೃಹದ ಬಾಗಿಲಲ್ಲಿ ಮೇಜು ಹಾಕಿ ಮಾಡಿಸುವುದು ಫಲಕಾರಿ. ಸ್ವಯಂಸೇವಕರು ಹಿರಿಯರ ಫೋನನ್ನು ತಮ್ಮ ಕೈಗೆ ತೆಗೆದುಕೊಳ್ಳದೆ, ಪಕ್ಕದಲ್ಲಿ ನಿಂತು, ಅವರೇ ಒತ್ತುವಂತೆ ಹೇಳಿಕೊಡಬೇಕು. ಒಟಿಪಿಯನ್ನು ಗಟ್ಟಿಯಾಗಿ ಓದಿಸಬಾರದು, ಏಕೆಂದರೆ ಇಂದು ಇಲ್ಲಿ ಓದಿದವರು ನಾಳೆ ವಂಚಕನ ಕರೆಗೂ ಓದಿಬಿಡುತ್ತಾರೆ. ಸ್ಮಾರ್ಟ್‌ಫೋನ್ ಇಲ್ಲದ, ಬೇಡವೆನ್ನುವ ಸದಸ್ಯರಿಗೆ ಕಾಗದದ ಅರ್ಜಿ ಮುಂದುವರಿಯಲಿ. ಕಚೇರಿಯವರು ಅದನ್ನು ನೋಡಿ ವಿವರವನ್ನು ತುಂಬಿದಾಗ, ತುಂಬಿದವರ ಹೆಸರೂ ದಿನಾಂಕವೂ ಆ ನಮೂದಿನ ಪಕ್ಕದಲ್ಲಿ ದಾಖಲಾಗಬೇಕು, ಮತ್ತು ಸದಸ್ಯರು ಕೇಳಿದ ದಿನ ಅದರ ಮುದ್ರಿತ ಪ್ರತಿಯೊಂದು ಅವರ ಕೈಗೆ ಸಿಗಬೇಕು.